ಪಿಎಫ್‌ಗೆ ಬೀಗ, ಇಎಸ್ಐ ಭತ್ಯೆ, ಬಲವಂತದ ರಾಜೀನಾಮೆ: ಕೆಲಸ ಹೋದಾಗ ನಿಜಕ್ಕೂ ಏನು ಸಿಗುತ್ತದೆ?

2025ರ ಅಕ್ಟೋಬರ್ 13ರಂದು ದೆಹಲಿಯಲ್ಲಿ, ನೌಕರರ ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಕೇಂದ್ರ ಟ್ರಸ್ಟಿಗಳ ಮಂಡಳಿಯ ಸಭೆ ನಡೆಯಿತು. ಅದಾದ ಮೇಲೆ ಎರಡು ಸುದ್ದಿ ಒಟ್ಟೊಟ್ಟಿಗೆ ಹರಡಿದವು. ಒಂದು, 'ಇನ್ಮೇಲೆ ಪಿಎಫ್ ಹಣ ನೂರಕ್ಕೆ ನೂರು ತೆಗೆಯಬಹುದು.' ಇನ್ನೊಂದು, 'ಕೆಲಸ ಹೋದರೆ ಒಂದು ವರ್ಷ ಪಿಎಫ್ ಮುಟ್ಟುವ ಹಾಗಿಲ್ಲ.' ಎರಡೂ ಒಂದೇ ಸಭೆಯ ತೀರ್ಮಾನದಿಂದ ಬಂದ ಮಾತುಗಳು. ಎರಡರಲ್ಲೂ ಅರ್ಧ ಮಾತ್ರ ನಿಜ.

ಇದರ ಗೊಂದಲ ಆರುವ ಮೊದಲೇ, ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸದಿಂದ ತೆಗೆದರೆ ಹೊಸ ಕೌಶಲ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ ಹಣ ಬರುತ್ತದೆ, ಒಂದೇ ವರ್ಷಕ್ಕೆ ಗ್ರಾಚುಟಿ (ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಮಾಲೀಕರು ಕೊಡುವ ಹಣ) ಸಿಗುತ್ತದೆ ಎಂಬ ಮಾತುಗಳೂ ಸೇರಿಕೊಂಡವು. ಇದರ ನಡುವೆ ನಿಜವಾಗಿ ಕೆಲಸ ಕಳೆದುಕೊಂಡವರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಮುಂದಿನ ತಿಂಗಳ ಬಾಡಿಗೆಗೆ ಯಾವ ಹಣ ಬರುತ್ತದೆ? ಯಾರನ್ನು ಕೇಳಬೇಕು?

ಒಂದೊಂದೇ ಬಿಡಿಸಿ ನೋಡೋಣ.

ಪಿಎಫ್ ವಿಷಯದಲ್ಲಿ ಬದಲಾಗಿದ್ದೇನು

ಹಳೆಯ ನಿಯಮ ಹೀಗಿತ್ತು. ಕೆಲಸ ಹೋಗಿ ಒಂದು ತಿಂಗಳಾದರೆ ಪಿಎಫ್‌ನ ಶೇ. 75ರಷ್ಟು ಹಣ ತೆಗೆಯಬಹುದಿತ್ತು. ಎರಡು ತಿಂಗಳಾದರೆ ಉಳಿದ ಶೇ. 25 ಕೂಡ ತೆಗೆದು ಖಾತೆ ಮುಚ್ಚಬಹುದಿತ್ತು.

ಮಂಡಳಿಯ ತೀರ್ಮಾನದ ಪ್ರಕಾರ ಶೇ. 75ರಷ್ಟು ಹಣ ಕೆಲಸ ಹೋದ ಕೂಡಲೇ ತೆಗೆಯಬಹುದು. ಉಳಿದ ಶೇ. 25 ಮಾತ್ರ 12 ತಿಂಗಳು ಕಾಯಬೇಕು. ಅಂದರೆ ಖಾತೆಯಲ್ಲಿ 2 ಲಕ್ಷ ರೂಪಾಯಿ ಇದ್ದವರಿಗೆ 1.5 ಲಕ್ಷ ಮೊದಲಿಗಿಂತ ಬೇಗ ಸಿಗುತ್ತದೆ, ಕೊನೆಯ 50 ಸಾವಿರ ಮೊದಲಿಗಿಂತ ಹತ್ತು ತಿಂಗಳು ತಡವಾಗುತ್ತದೆ. 'ಒಂದು ವರ್ಷ ಮುಟ್ಟುವ ಹಾಗಿಲ್ಲ' ಎಂದವರು ಈ ಕೊನೆಯ ಕಾಲುಭಾಗವನ್ನೇ ಇಡೀ ಖಾತೆ ಎಂದುಕೊಂಡರು.

'ನೂರಕ್ಕೆ ನೂರು' ಎಂಬ ಮಾತಿಗೂ ಹೀಗೇ ಒಂದು ಮೂಲವಿದೆ. ಮದುವೆ, ಓದು, ಕಾಯಿಲೆ, ಮನೆ ಅಂತ 13 ಬೇರೆ ಬೇರೆ ನಿಯಮಗಳಡಿ ಭಾಗಶಃ ಹಣ ತೆಗೆಯಬೇಕಿತ್ತು. ಅವನ್ನೆಲ್ಲ ಅಗತ್ಯ ಖರ್ಚು, ಮನೆ, ವಿಶೇಷ ಸಂದರ್ಭ ಎಂದು ಮೂರು ಗುಂಪು ಮಾಡಿದರು. 12 ತಿಂಗಳ ಸೇವೆ ಆಗಿದ್ದರೆ ಸಾಕು, 'ಅರ್ಹ' ಮೊತ್ತವನ್ನು ಪೂರ್ತಿ ತೆಗೆಯಬಹುದು, ಮಾಲೀಕರ ಪಾಲೂ ಅದರಲ್ಲಿ ಸೇರುತ್ತದೆ. ಆದರೆ ಶೇ. 25 ಯಾವಾಗಲೂ ಖಾತೆಯಲ್ಲೇ ಇರಬೇಕು. ಹಾಗಾಗಿ ಇದು ಮುಕ್ಕಾಲು ಭಾಗದ ನೂರಕ್ಕೆ ನೂರು. ವಿಶೇಷ ಸಂದರ್ಭ ಎಂಬ ಗುಂಪಿನಲ್ಲಿ ಕಾರಣ ಹೇಳಬೇಕಾಗಿಲ್ಲ. ಇದು ಸಣ್ಣ ಬದಲಾವಣೆ ಅಲ್ಲ. ನಿರುದ್ಯೋಗದ ಕಾರಣ ಕೊಟ್ಟು, ಅದಕ್ಕೆ ಪುರಾವೆ ಸಾಲದೆಂದು ಅರ್ಜಿ ತಿರಸ್ಕಾರವಾಗುವ ಕಾಟ ಇದರಿಂದ ತಪ್ಪಬೇಕು.

ಗದ್ದಲದಲ್ಲಿ ಬಹಳ ಜನ ಗಮನಿಸದ ಒಂದು ಸಾಲು ಕೇಂದ್ರ ಕಾರ್ಮಿಕ ಸಚಿವಾಲಯದ ಸ್ಪಷ್ಟನೆಯಲ್ಲಿತ್ತು. 55 ದಾಟಿ ನಿವೃತ್ತರಾದವರು, ಶಾಶ್ವತ ಅಂಗವೈಕಲ್ಯ ಬಂದವರು, ದೇಶ ಬಿಟ್ಟು ಹೋಗುವವರು, ಸ್ವಯಂ ನಿವೃತ್ತಿ ಪಡೆದವರು ಮತ್ತು ಛಾಂಟಿ ಆದವರಿಗೆ, ಅಂದರೆ ಕಂಪನಿಯೇ ಹೆಚ್ಚುವರಿ ಎಂದು ತೆಗೆದವರಿಗೆ, ಈ ಕಾಲುಭಾಗವೂ ಸೇರಿ ಪೂರ್ತಿ ಹಣ ಸಿಗುತ್ತದೆ. ಹಾಗಾದರೆ ನೀವು ಛಾಂಟಿ ಆದವರೋ, ರಾಜೀನಾಮೆ ಕೊಟ್ಟವರೋ ಎಂಬುದು ಇಲ್ಲೇ ಮುಖ್ಯವಾಗಿಬಿಡುತ್ತದೆ. ಈ ಎಳೆಯನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಪಿಎಫ್ ಜೊತೆಗೇ ಇರುವ ಪಿಂಚಣಿ ಹಣದ ಭಾಗ ಬೇರೆ. ಹತ್ತು ವರ್ಷ ಸೇವೆ ತುಂಬದವರು ಕೆಲಸ ಬಿಟ್ಟು ಎರಡು ತಿಂಗಳಿಗೆ ಅದನ್ನು ತೆಗೆಯಬಹುದಿತ್ತು. ಈಗ 36 ತಿಂಗಳು ಕಾಯಬೇಕೆಂಬುದು ತೀರ್ಮಾನ. ಮಂಡಳಿಯ ತೀರ್ಮಾನಗಳು ಅಧಿಸೂಚನೆ, ಪೋರ್ಟಲ್ ಬದಲಾವಣೆ ಎಲ್ಲ ದಾಟಿ ಬರಬೇಕು. ಅದಕ್ಕೇ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ನಿಯಮ ಕಾಣುತ್ತದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎರಡು ವಾದ, ಎರಡರಲ್ಲೂ ಸತ್ಯ

ಸರ್ಕಾರದ ವಾದಕ್ಕೆ ಆಧಾರ ಅದರದೇ ಅಂಕಿಅಂಶ. ಅಂತಿಮವಾಗಿ ಖಾತೆ ಮುಚ್ಚುವ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20 ಸಾವಿರ ರೂಪಾಯಿಗಿಂತ ಕಡಿಮೆ ಇತ್ತು. ನಾಲ್ಕರಲ್ಲಿ ಮೂವರ ಖಾತೆಯಲ್ಲಿ 50 ಸಾವಿರಕ್ಕಿಂತ ಕಡಿಮೆ. ಜೀವಮಾನವಿಡೀ ದುಡಿದವರಿಗೆ ಇಷ್ಟೇ ಉಳಿದರೆ ಮುಪ್ಪಿನಲ್ಲಿ ಏನು ಮಾಡಬೇಕು? ಕೆಲಸ ಬದಲಿಸಿದಾಗಲೆಲ್ಲ ಹಣ ತೆಗೆದರೆ ಹತ್ತು ವರ್ಷದ ಸೇವೆಯ ಲೆಕ್ಕವೂ ಮುರಿದು, ಪಿಂಚಣಿಯ ಅರ್ಹತೆಯೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಇಂದಿನ ಶೇ. 8.25 ಬಡ್ಡಿ ಹಾಗೇ ಮುಂದುವರಿದರೆ, ಈಗ ತೆಗೆಯದೆ ಬಿಟ್ಟ 1.5 ಲಕ್ಷ ರೂಪಾಯಿ 25 ವರ್ಷದಲ್ಲಿ 10 ಲಕ್ಷ ದಾಟುತ್ತದೆ.

ಕಾರ್ಮಿಕರ ಪರವಾಗಿ ಮಾತಾಡುವವರ ವಾದವೂ ಅಷ್ಟೇ ಗಟ್ಟಿ. ಇದು ಅವರದೇ ಸಂಬಳದಿಂದ ಮುರಿದ ಹಣ, ಸರ್ಕಾರದ ಅನುದಾನ ಅಲ್ಲ. ಆರು ತಿಂಗಳಾದರೂ ಕೆಲಸ ಸಿಗದವರಿಗೆ ಮೊದಲ ಮುಕ್ಕಾಲು ಭಾಗ ಆಗಲೇ ಖರ್ಚಾಗಿರುತ್ತದೆ. ಕೊನೆಯ ಕಾಲುಭಾಗ ಬೇಕಾಗುವುದೇ ಆಗ. ಅದೇ ಹೊತ್ತಲ್ಲಿ ಅದು ಸಿಗದಿದ್ದರೆ ಚಿನ್ನ ಅಡ ಇಡಬೇಕು, ಇಲ್ಲವೇ ಬಡ್ಡಿಗೆ ಸಾಲ ಮಾಡಬೇಕು. ಶೇ. 8.25 ಬಡ್ಡಿ ಬರುವ ಹಣ ಖಾತೆಯಲ್ಲಿ ಕೂತಿರುವಾಗ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತರುವ ಸ್ಥಿತಿಯಿಂದ ಯಾರಿಗೂ ಲಾಭವಿಲ್ಲ.

ಎರಡೂ ಕಡೆ ಸತ್ಯ ಇರುವುದಕ್ಕೆ ಕಾರಣ ಒಂದೇ. ಪಿಎಫ್ ಮುಪ್ಪಿನ ಉಳಿತಾಯ. ಕೆಲಸ ಹೋದಾಗಿನ ನೆರವಿನ ಜವಾಬ್ದಾರಿಯನ್ನೂ ಅದರ ಮೇಲೇ ಹೊರಿಸಿದ್ದೇವೆ. ಹಸಿವಿಗೆ ಬಿತ್ತನೆ ಬೀಜ ಅಡುಗೆ ಮಾಡಿದ ಹಾಗೆ ಇದು. ತಿನ್ನಬೇಡಿ ಎಂದರೂ ತಪ್ಪು, ತಿನ್ನಿ ಎಂದರೂ ತಪ್ಪು.

ಬೆಂಗಳೂರಿಗೆ ಇದು ಹೊಸದಲ್ಲ

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇಂಥದೇ ಒಂದು ನಿಯಮ ತಂದಿತ್ತು. ಕೆಲಸ ಬಿಟ್ಟವರು ತಮ್ಮ ಪಾಲು ಮಾತ್ರ ತೆಗೆಯಬಹುದು, ಮಾಲೀಕರ ಪಾಲಿಗೆ 58 ವರ್ಷದವರೆಗೆ ಕಾಯಬೇಕು ಎಂದು. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಂದ ಸಾವಿರಾರು ಕಾರ್ಮಿಕರು ರಸ್ತೆಗಿಳಿದರು. ಬಹುಪಾಲು ಹೆಣ್ಣುಮಕ್ಕಳು. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಓಡಾಟ ನಿಂತುಹೋಯಿತು. ಕೆಲವು ಕಡೆ ಹಿಂಸೆಯೂ ನಡೆಯಿತು. ಏಪ್ರಿಲ್ 19ರಂದೇ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ವಾಪಸ್ ತೆಗೆದುಕೊಂಡಿದ್ದಾಗಿ ಹೇಳಿದರು.

ಆ ಹೆಣ್ಣುಮಕ್ಕಳಿಗೆ ಮುಪ್ಪಿನ ಚಿಂತೆ ಇರಲಿಲ್ಲ ಎಂದಲ್ಲ. ಗಾರ್ಮೆಂಟ್ ಕೆಲಸದಲ್ಲಿ ಘಟಕ ಮುಚ್ಚುವುದು, ಆರ್ಡರ್ ಇಲ್ಲವೆಂದು ಜನರನ್ನು ಕಡಿಮೆ ಮಾಡುವುದು, ಬಸುರಿ ಬಾಣಂತನಕ್ಕೆ ಕೆಲಸ ಬಿಡುವುದು ಎಲ್ಲ ಸಾಮಾನ್ಯ. ಅಂಥ ಪ್ರತಿ ತಿರುವಿನಲ್ಲೂ ಅವರ ಕೈಲಿದ್ದ ಒಂದೇ ಒಂದು ದೊಡ್ಡ ಮೊತ್ತ ಪಿಎಫ್. ಅದಕ್ಕೆ ಬೀಗ ಹಾಕಿದರೆ ಬದಲಿಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಆಗಲೂ ಉತ್ತರ ಇರಲಿಲ್ಲ. 2025ರ ತೀರ್ಮಾನ 2016ರದ್ದಕ್ಕಿಂತ ಎಷ್ಟೋ ಮೆತ್ತಗಿದೆ. ಆದರೂ ಜನ ಬೆಚ್ಚಿದ್ದು ಇದೇ ಕಾರಣಕ್ಕೆ.

ಹಾಗಾದರೆ ನಿರುದ್ಯೋಗ ಭತ್ಯೆ ಇಲ್ಲವೇ ಇಲ್ಲವಾ?

ಇದೆ. ಅದು ಇಎಸ್ಐ ಬಳಿ ಇದೆ. ಇಎಸ್ಐ ಎಂದರೆ ಆಸ್ಪತ್ರೆ ಕಾರ್ಡ್ ಎಂದೇ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ಸಂಬಳ ಇರುವವರ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಹೋಗುತ್ತದೆ. ಆ ವಂತಿಗೆಯ ಮೇಲೇ ಕೆಲಸ ಹೋದಾಗ ನಗದು ನೆರವು ಕೊಡುವ ಎರಡು ಯೋಜನೆಗಳಿವೆ.

ಮೊದಲನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗವಾಗಿ ಶುರುವಾಯಿತು. ಆಗ ಸರಾಸರಿ ದಿನಗೂಲಿಯ ಶೇ. 25ರಷ್ಟು ಮಾತ್ರ ಕೊಡುತ್ತಿದ್ದರು, ಅದೂ ಕೆಲಸ ಹೋಗಿ 90 ದಿನ ಆದ ಮೇಲೆ. ಕೋವಿಡ್ ಬಂದಾಗ 2020ರಲ್ಲಿ ಇದನ್ನು ಶೇ. 50ಕ್ಕೆ ಏರಿಸಿದರು. ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸಿದರು. ಮಾಲೀಕರ ಮೂಲಕ ಅರ್ಜಿ ಹೋಗಬೇಕೆಂಬ ಷರತ್ತು ತೆಗೆದರು. ಅಫಿಡವಿಟ್ ಬೇಕೆಂಬುದನ್ನೂ ಆಮೇಲೆ ಕೈಬಿಟ್ಟರು. ಒಟ್ಟು ನೆರವು ಜೀವಮಾನದಲ್ಲಿ 90 ದಿನಕ್ಕೆ ಮಾತ್ರ.

ಮಾಲೀಕರನ್ನು ನಡುವಿನಿಂದ ತೆಗೆದಿದ್ದು ಇವುಗಳಲ್ಲಿ ಅತಿ ಮುಖ್ಯವಾದದ್ದು ಎಂದು ನನಗನಿಸುತ್ತದೆ. ಕೆಲಸದಿಂದ ಕಳಿಸಿದವರ ಬಳಿಗೇ ಹೋಗಿ ಸಹಿ ಹಾಕಿಸಿಕೊಂಡು ಬಾ ಎನ್ನುವುದು ಅರ್ಜಿಯನ್ನು ತಡೆಯುವ ಸುಲಭದ ದಾರಿ. ಈಗ ಇಎಸ್ಐ ಪೋರ್ಟಲ್‌ನಲ್ಲಿ ವಿಮಾ ನಂಬರಿನಿಂದ ಲಾಗಿನ್ ಆಗಿ, ಆಧಾರ್ ಮತ್ತು ಬ್ಯಾಂಕ್ ವಿವರ ಕೊಟ್ಟು ತಾವೇ ಕ್ಲೇಮ್ ಹಾಕಬಹುದು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ತಡವಾದರೆ ವಿಚಾರಿಸಬೇಕಾದ ಜಾಗ ಇಎಸ್ಐನ ಶಾಖಾ ಕಚೇರಿ, ಆಸ್ಪತ್ರೆ ಅಲ್ಲ.

ಎರಡನೆಯದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ, 2005ರ ಏಪ್ರಿಲ್‌ನಿಂದ ಇದೆ. ಇದು ದೊಡ್ಡದು, ಆದರೆ ಬಾಗಿಲು ಕಿರಿದು. ಕಾರ್ಖಾನೆ ಮುಚ್ಚಿರಬೇಕು, ಇಲ್ಲವೇ ಕಾನೂನುಬದ್ಧವಾಗಿ ಛಾಂಟಿ ಆಗಿರಬೇಕು, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಗಾಯದಿಂದ ಶೇ. 40ರಷ್ಟಾದರೂ ಶಾಶ್ವತ ಅಂಗವೈಕಲ್ಯ ಬಂದಿರಬೇಕು. ಹಾಗಿದ್ದರೆ ಮೊದಲ 12 ತಿಂಗಳು ಸಂಬಳದ ಶೇ. 50, ಮುಂದಿನ 12 ತಿಂಗಳು ಶೇ. 25 ಸಿಗುತ್ತದೆ. ಆ ಅವಧಿಯಲ್ಲಿ ತನಗೂ ಕುಟುಂಬಕ್ಕೂ ಇಎಸ್ಐ ಚಿಕಿತ್ಸೆ ಮುಂದುವರಿಯುತ್ತದೆ.

18 ಸಾವಿರ ಸಂಬಳದ ಒಬ್ಬರ ಲೆಕ್ಕ ತೆಗೆದುಕೊಳ್ಳಿ. ಅಟಲ್ ಯೋಜನೆಯಲ್ಲಿ ಮೂರು ತಿಂಗಳಿಗೆ ಒಟ್ಟು 27 ಸಾವಿರ. ರಾಜೀವ್ ಗಾಂಧಿ ಯೋಜನೆಯಲ್ಲಿ ಎರಡು ವರ್ಷ ಪೂರ್ತಿ ಕೆಲಸ ಸಿಗದಿದ್ದರೆ ಒಟ್ಟು 1.62 ಲಕ್ಷದವರೆಗೆ. ಒಂದೇ ಸಂಬಳ, ಒಂದೇ ವಂತಿಗೆ, ಆರು ಪಟ್ಟು ಅಂತರ. ಈ ಅಂತರವನ್ನು ತೀರ್ಮಾನಿಸುವುದು ಕೆಲಸ ಹೇಗೆ ಹೋಯಿತು ಎಂದು ಕಾಗದ ಹೇಳುವ ಮಾತು.

ಎರಡೂ ಯೋಜನೆಗಳಲ್ಲಿ ದುರ್ನಡತೆಗೆ ಶಿಕ್ಷೆಯಾಗಿ ಕೆಲಸ ಕಳೆದುಕೊಂಡವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ನೆರವಿಲ್ಲ. ವಂತಿಗೆಯ ಷರತ್ತೂ ಇದೆ. ಅಟಲ್ ಯೋಜನೆಯಲ್ಲಿ ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಲೇಬೇಕು. ಗುತ್ತಿಗೆದಾರ ನಿಮ್ಮ ಸಂಬಳದಿಂದ ಇಎಸ್ಐ ಮುರಿದು ಕಟ್ಟದೇ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುವುದು ನೀವು. ಕೆಲಸದಲ್ಲಿದ್ದಾಗಲೇ ಪೋರ್ಟಲ್‌ನಲ್ಲಿ ವಂತಿಗೆ ವಿವರ ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ಆಸ್ಪತ್ರೆ ಕಾರ್ಡ್ ಅದೇ ದಿನ ಸಾಯುವುದಿಲ್ಲ

ಇದು ಗೊತ್ತಿಲ್ಲದೆ ಬಹಳ ಜನ ಖಾಸಗಿ ಆಸ್ಪತ್ರೆಗೆ ದುಡ್ಡು ಸುರಿಯುತ್ತಾರೆ. ಇಎಸ್ಐನಲ್ಲಿ ವಂತಿಗೆ ಕಟ್ಟುವ ಅವಧಿ ಬೇರೆ, ಸೌಲಭ್ಯ ಪಡೆಯುವ ಅವಧಿ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಆಗಸ್ಟ್‌ನಲ್ಲಿ ಕೆಲಸ ಹೋದರೂ, ಆ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಮುಂದಿನ ವರ್ಷದ ಜೂನ್‌ವರೆಗೆ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಡಯಾಲಿಸಿಸ್‌ನಲ್ಲಿರುವ ತಾಯಿ, ಹೆರಿಗೆಗೆ ಹತ್ತಿರ ಇರುವ ಹೆಂಡತಿ ಇರುವ ಮನೆಗೆ ಇದು ಭತ್ಯೆಗಿಂತ ದೊಡ್ಡ ನೆರವು.

ಎಚ್ಆರ್ ರೂಮಿನಲ್ಲಿ ಹಾಕುವ ಸಹಿ

ಈಗ ಆ ಎಳೆಗೆ ಬರೋಣ. ನಮ್ಮಲ್ಲಿ ಕಂಪನಿಗಳು 'ತೆಗೆದಿದ್ದೇವೆ' ಎಂದು ಬರೆದುಕೊಡುವುದು ಕಡಿಮೆ. ಕರೆಸಿ, ರಾಜೀನಾಮೆ ಕೊಡಿ, ಒಳ್ಳೆ ರಿಲೀವಿಂಗ್ ಲೆಟರ್ ಕೊಡುತ್ತೇವೆ, ಇಲ್ಲದಿದ್ದರೆ ಮುಂದೆ ನಿಮಗೇ ಕಷ್ಟ ಎನ್ನುತ್ತಾರೆ. ಐಟಿಯಲ್ಲೂ ಇದೆ, ಗಾರ್ಮೆಂಟ್‌ನಲ್ಲೂ ಇದೆ. ನೌಕರರು ಹೆದರಿ, ಮುಂದಿನ ಕೆಲಸಕ್ಕೆ ತೊಂದರೆ ಆದೀತೆಂದು ಸಹಿ ಹಾಕುತ್ತಾರೆ. ಆ ಹೆದರಿಕೆ ಸುಮ್ನೆ ಅಲ್ಲ, ಬ್ಯಾಕ್‌ಗ್ರೌಂಡ್ ಚೆಕ್ ಎಂಬುದು ನಿಜವಾದ ವಿಷಯ.

ಆದರೆ ಆ ಸಹಿಯ ಬೆಲೆ ಎಷ್ಟೆಂದು ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ. ಅದೇ 18 ಸಾವಿರ ಸಂಬಳ, ಆರು ವರ್ಷ ಸೇವೆ ಎಂದುಕೊಳ್ಳಿ. ಸಂಬಳ ಪೂರ್ತಿ ಲೆಕ್ಕಕ್ಕೆ ಬರುತ್ತದೆ ಎಂದರೆ ಗ್ರಾಚುಟಿ ಸುಮಾರು 62 ಸಾವಿರ. ರಾಜೀನಾಮೆ ಕೊಟ್ಟರೂ ಇದು ಸಿಗುತ್ತದೆ. ಛಾಂಟಿ ಎಂದು ದಾಖಲಾದರೆ ಇದರ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ 18 ಸಾವಿರ, ವರ್ಷಕ್ಕೆ 15 ದಿನದಂತೆ ಪರಿಹಾರ 54 ಸಾವಿರ, ಮರುಕೌಶಲ ನಿಧಿಯಿಂದ 15 ದಿನದ ಸಂಬಳ 9 ಸಾವಿರ. ಒಟ್ಟು 81 ಸಾವಿರ ಹೆಚ್ಚುವರಿ. ಮೇಲೆ ಪಿಎಫ್‌ನ ಕೊನೆಯ ಕಾಲುಭಾಗ ಕಾಯದೆ ಸಿಗುವ ಅವಕಾಶ, ಇಎಸ್ಐನ ಎರಡು ವರ್ಷದ ಭತ್ಯೆಗೆ ದಾರಿ. ರಾಜೀನಾಮೆ ಎಂದು ಬರೆದುಕೊಟ್ಟ ಕ್ಷಣ ಇಷ್ಟೂ ಕೈತಪ್ಪುತ್ತದೆ ಅಥವಾ ಅದಕ್ಕಾಗಿ ಕಾರ್ಮಿಕ ಇಲಾಖೆ, ನ್ಯಾಯಾಲಯ ಅಂತ ಹೋರಾಡಬೇಕಾಗುತ್ತದೆ.

ತೆರಿಗೆಯಲ್ಲೂ ಇದೇ ಕಥೆ. ಐದು ವರ್ಷ ತುಂಬುವ ಮೊದಲು ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಆದರೆ ಕಾಯಿಲೆಯಿಂದ, ಕಂಪನಿ ಮುಚ್ಚಿದ್ದರಿಂದ ಅಥವಾ ನೌಕರರ ಕೈಮೀರಿದ ಬೇರೆ ಕಾರಣದಿಂದ ಕೆಲಸ ಹೋಗಿದ್ದರೆ ವಿನಾಯಿತಿ ಇದೆ. ಕೈಮೀರಿದ ಕಾರಣ ಎಂದು ತೋರಿಸಲು ಕೈಯಲ್ಲಿ ಕಾಗದ ಬೇಕಲ್ವಾ?

ಆದ್ದರಿಂದ ಒತ್ತಡ ಬಂದಾಗ ಅಲ್ಲೇ ಸಹಿ ಹಾಕದೆ ಒಂದೆರಡು ದಿನ ಸಮಯ ಕೇಳುವುದು, 'ನನ್ನನ್ನು ರಾಜೀನಾಮೆ ಕೊಡಲು ಹೇಳಿದ್ದೀರಿ' ಎಂದು ಇಮೇಲ್‌ನಲ್ಲಿ ದಾಖಲಿಸುವುದು, ಆ ಇಮೇಲಿನ ಪ್ರತಿಯನ್ನು ಸ್ವಂತ ಖಾತೆಯಲ್ಲೂ ಉಳಿಸಿಕೊಳ್ಳುವುದು ಬಹಳ ಕೆಲಸಕ್ಕೆ ಬರುತ್ತದೆ. ಎಲ್ಲರಿಂದಲೂ ಇದು ಆಗುವುದಿಲ್ಲ. ಆದರೆ ಆದವರಿಗೆ ಮುಂದಿನ ದಾರಿ ಬೇರೆಯೇ ಆಗುತ್ತದೆ.

ಹೊಸ ಸಂಹಿತೆಗಳು ಕೊಟ್ಟಿದ್ದು, ಕಿತ್ತುಕೊಂಡದ್ದು

ಕೊಟ್ಟಿದ್ದರಲ್ಲಿ ಎರಡು ಮುಖ್ಯ. ಮೊದಲನೆಯದು ಬಾಕಿ ಸಂಬಳ. ತೆಗೆದರೂ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಕೊಡಬೇಕು ಎನ್ನುತ್ತದೆ ವೇತನ ಸಂಹಿತೆ. ಫುಲ್ ಅಂಡ್ ಫೈನಲ್, ಅಂದರೆ ಕೊನೆಯ ಲೆಕ್ಕ ಚುಕ್ತಾ, ಎಂದು 45 ದಿನ, 60 ದಿನ ಕಾಯಿಸುವ ರೂಢಿಗೆ ಇದು ನೇರ ಉತ್ತರ. ಎರಡನೆಯದು ಮರುಕೌಶಲ ನಿಧಿ. ಛಾಂಟಿ ಮಾಡಿದ ಪ್ರತಿ ಕಾರ್ಮಿಕರ ಹೆಸರಿನಲ್ಲಿ ಮಾಲೀಕರು 15 ದಿನದ ಸಂಬಳ ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕರ ಖಾತೆಗೆ ಬರಬೇಕು. 15 ದಿನದ ಸಂಬಳದಲ್ಲಿ ಯಾವ ಹೊಸ ಕೌಶಲ ಕಲಿಯಲಾದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಹೊತ್ತಿಗೆ ಅದು ಅರ್ಧ ತಿಂಗಳ ಸಂಬಳ.

ಕಿತ್ತುಕೊಂಡದ್ದು ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಗಳಲ್ಲಿ 100 ಕಾರ್ಮಿಕರಿದ್ದರೆ ಛಾಂಟಿಗೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಅದು 300. ಅಂದರೆ 150, 200 ಜನರಿರುವ ಘಟಕಗಳಲ್ಲಿ ನೋಟಿಸ್ ಕೊಟ್ಟು, ಪರಿಹಾರ ಕೊಟ್ಟು ಕಳಿಸಬಹುದು. ಕೆಲಸದಿಂದ ತೆಗೆದದ್ದರ ವಿರುದ್ಧ ವ್ಯಾಜ್ಯ ಹೂಡುವ ಗಡುವು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ನನಗೆ ಇದೆಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ನಿಗದಿತ ಅವಧಿಯ ನೇಮಕಾತಿ. ಒಂದು ವರ್ಷ, ಎರಡು ವರ್ಷದ ಕರಾರಿನ ಮೇಲೆ ಸೇರಿದವರಿಗೆ ಒಂದು ವರ್ಷ ಆದರೆ ಗ್ರಾಚುಟಿ ಸಿಗುತ್ತದೆ. ಇದು ಒಳ್ಳೆಯದೇ. (ಕಾಯಂ ನೌಕರರಿಗೆ ಐದು ವರ್ಷದ ನಿಯಮವೇ ಇದೆ, ಎಲ್ಲರಿಗೂ ಒಂದು ವರ್ಷ ಎಂಬ ಸುದ್ದಿ ತಪ್ಪು.) ಆದರೆ ಕರಾರು ಮುಗಿದು ಹೊರಗೆ ಹೋಗುವುದನ್ನು ಹೊಸ ಸಂಹಿತೆ ಛಾಂಟಿ ಎಂದು ಲೆಕ್ಕಿಸುವುದಿಲ್ಲ. ಛಾಂಟಿ ಅಲ್ಲ ಎಂದರೆ ನೋಟಿಸ್ ಸಂಬಳ ಇಲ್ಲ, ವರ್ಷಕ್ಕೆ 15 ದಿನದ ಪರಿಹಾರ ಇಲ್ಲ, ಮರುಕೌಶಲ ನಿಧಿ ಇಲ್ಲ. ಕಂಪನಿಗಳು ಇಂಥ ನೇಮಕಾತಿ ಜಾಸ್ತಿ ಮಾಡಿದಷ್ಟೂ, ಹೊಸ ಕಾನೂನಿನ ಛಾಂಟಿ ಸೌಲಭ್ಯಗಳು ಪುಸ್ತಕದಲ್ಲಿದ್ದರೂ ಪಡೆಯುವವರು ಕಡಿಮೆಯಾಗುತ್ತಾರೆ.

ಈ ಬಲೆಯ ಹೊರಗೆ ಇರುವವರು

ತಿಂಗಳಿಗೆ 22 ಸಾವಿರ ತೆಗೆದುಕೊಳ್ಳುವವರಿಗೆ ಇಎಸ್ಐ ಭತ್ಯೆ ಇಲ್ಲ. 21 ಸಾವಿರದ ಮಿತಿ ನಿಗದಿಯಾಗಿದ್ದು 2017ರ ಜನವರಿಯಲ್ಲಿ. ಅಂದಿನಿಂದ ಬೆಂಗಳೂರಿನ ಬಾಡಿಗೆ ಎಲ್ಲಿಗೆ ಹೋಗಿದೆ ಎಂದು ಹೇಳಬೇಕಾಗಿಲ್ಲ. ಈ ಮಿತಿ ದಾಟಿದ ಐಟಿ ನೌಕರರಿಗಂತೂ ಇಂಥ ನಗದು ನೆರವಿನ ಯಾವ ಯೋಜನೆಯೂ ಇಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ, ಹೋಗುವವರಿಗೆ ಏನು ಸಿಗುತ್ತದೆ ಎಂಬ ಚರ್ಚೆ ಪೂರ್ತಿ ಕಂಪನಿಯ ಪ್ಯಾಕೇಜ್ ಸುತ್ತಲೇ ನಡೆಯಿತು. ಬೇರೆ ಆಧಾರ ಇಲ್ಲದಿದ್ದಾಗ ಅದು ಸಹಜ.

ಐಟಿಯವರಿಗೆ ಛಾಂಟಿ ಪರಿಹಾರದ ಕಾನೂನೇ ಅನ್ವಯಿಸುವುದಿಲ್ಲ ಎಂದು ಹೇಳುವವರೂ ಇದ್ದಾರೆ. ಅದು ಅಷ್ಟು ನೇರ ಅಲ್ಲ. ಮ್ಯಾನೇಜರ್ ಹುದ್ದೆಯವರು, 18 ಸಾವಿರಕ್ಕಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ಕಾನೂನಿನ ಪ್ರಕಾರ 'ಕಾರ್ಮಿಕ'ರಲ್ಲ. ಉಳಿದವರಿಗೆ ಸಂಬಳದ ಮಿತಿ ಇಲ್ಲ. ಇದನ್ನು ತೀರ್ಮಾನಿಸುವುದು ಹುದ್ದೆಯ ಹೆಸರಲ್ಲ, ದಿನಾ ಮಾಡುವ ಕೆಲಸ. ಸ್ವತಃ ಕೋಡ್ ಬರೆಯುವ, ಯಾರನ್ನೂ ನಿರ್ವಹಿಸದ ಎಂಜಿನಿಯರ್ ಈ ಹಕ್ಕು ಕೇಳಬಹುದು.

ಡೆಲಿವರಿ, ಕ್ಯಾಬ್ ಓಡಿಸುವವರದು ಇನ್ನೂ ಬೇರೆ. ಅವರ ಕೆಲಸ ಹೋಗುವುದು ಐಡಿ ಬ್ಲಾಕ್ ಆದಾಗ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು, ಕಾರಣ ತಿಳಿಸಿ 14 ದಿನದ ನೋಟಿಸ್ ಕೊಡದೆ ತೆಗೆಯುವ ಹಾಗಿಲ್ಲ ಎನ್ನುತ್ತದೆ. ಕಲ್ಯಾಣ ನಿಧಿಗೆ ಕಂಪನಿಗಳಿಂದ ಶುಲ್ಕವನ್ನೂ ಕೇಳುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಇಎಸ್ಐನಲ್ಲಿರುವಂಥ ನಿರುದ್ಯೋಗ ಭತ್ಯೆ ಅವರಿಗೆ ಇಲ್ಲ.

ಯುವನಿಧಿ ಸಿಗುತ್ತದಾ ಎಂದು ಕೇಳುವವರು ಬಹಳ. ಸಿಗುವುದಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಆ ಯೋಜನೆ ಹೊಸದಾಗಿ ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವಂಥದ್ದು. ವರ್ಷಗಟ್ಟಲೆ ದುಡಿದು ಕೆಲಸ ಕಳೆದುಕೊಂಡ 40ರ ವಯಸ್ಸಿನವರಿಗೆ ಅದರಲ್ಲಿ ಜಾಗ ಇಲ್ಲ.

ಮೊದಲ ವಾರಗಳಲ್ಲಿ ಎಡವುವ ಜಾಗಗಳು

ಪಿಎಫ್ ಅರ್ಜಿ ಹೆಚ್ಚಾಗಿ ನಿಲ್ಲುವುದು ಎರಡು ಕಾರಣಕ್ಕೆ. ಒಂದು, ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಪೋರ್ಟಲ್‌ನಲ್ಲಿ ತುಂಬದಿರುವುದು. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಯುಎಎನ್ (ಪಿಎಫ್‌ನ ಸದಸ್ಯ ಸಂಖ್ಯೆ) ಖಾತೆಯಲ್ಲಿ ಆಧಾರ್ ಒಟಿಪಿ ಬಳಸಿ ನೌಕರರೇ ಅದನ್ನು ತುಂಬಬಹುದು, ಕಂಪನಿಯ ಹಿಂದೆ ಅಲೆಯಬೇಕಾಗಿಲ್ಲ. ಇನ್ನೊಂದು, ಹೆಸರು ತಾಳೆಯಾಗದಿರುವುದು. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಪೂರ್ತಿ ಬಿಡಿಸಿ ಇರುತ್ತದೆ. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಒಂದೇ ರೀತಿ ಇರುವಂತೆ ಕೆಲಸದಲ್ಲಿರುವಾಗಲೇ ಸರಿಮಾಡಿಸುವುದು ಸುಲಭ.

ಬಾಡಿಗೆ, ಮಕ್ಕಳ ಫೀಸಿಗೆ ಬೇರೆ ದಾರಿ ಇದ್ದರೆ ಪಿಎಫ್ ಅನ್ನು ಕೊನೆಗೆ ಮುಟ್ಟುವುದು ಲೇಸು. ವಂತಿಗೆ ನಿಂತ ಕೂಡಲೇ ಬಡ್ಡಿ ನಿಲ್ಲುತ್ತದೆ ಎಂಬ ಭಯದಿಂದ ತೆಗೆಯುವವರಿದ್ದಾರೆ. ನಿವೃತ್ತಿ ವಯಸ್ಸಿನವರೆಗೆ ಬಡ್ಡಿ ಬರುತ್ತಲೇ ಇರುತ್ತದೆ. ಇಎಸ್ಐ ಭತ್ಯೆ, ಬಾಕಿ ಸಂಬಳ, ಗ್ರಾಚುಟಿ, ಪರಿಹಾರ ಇವನ್ನು ಮೊದಲು ಕೇಳಿ. ಇವು ತೆಗೆದರೆ ಕರಗುವ ಉಳಿತಾಯಗಳಲ್ಲ, ಕೇಳದಿದ್ದರೆ ಕಳೆದುಹೋಗುವ ಹಕ್ಕುಗಳು.

ಬದಲಾಗಬೇಕಾದದ್ದು ಎಲ್ಲಿ

ನಿರುದ್ಯೋಗ ವಿಮೆ ನಮ್ಮಂಥ ದೇಶದಲ್ಲಿ ಆಗದ ಮಾತು ಎನ್ನುವವರ ಮುಖ್ಯ ವಾದ, ಯಾರು ನಿಜವಾಗಿ ಕೆಲಸವಿಲ್ಲದವರು ಎಂದು ಕಂಡುಹಿಡಿಯುವುದು ಕಷ್ಟ ಎಂಬುದು. ಅಸಂಘಟಿತ ವಲಯದಲ್ಲಿ ಇದು ನಿಜವಾದ ತೊಡಕು. ಆದರೆ ಇಎಸ್ಐ, ಪಿಎಫ್ ಇರುವ ಕೋಟಿಗಟ್ಟಲೆ ನೌಕರರ ವಂತಿಗೆ ಪ್ರತಿ ತಿಂಗಳು ಆಧಾರ್‌ಗೆ ಜೋಡಿಸಿದ ಖಾತೆಗೆ ಬೀಳುತ್ತದೆ. ಅದು ನಿಂತಿತೆಂದು ಆ ಕಚೇರಿಗಳ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಹಾಗೆ ನಿಂತವರ ಮೊಬೈಲ್‌ಗೆ 'ನೀವು ಈ ಭತ್ಯೆಗೆ ಅರ್ಹರಿರಬಹುದು' ಎಂದು ಕನ್ನಡದಲ್ಲಿ ಒಂದು ಸಂದೇಶ ಕಳಿಸಲು ಹೊಸ ಕಾನೂನು ಬೇಕಾಗಿಲ್ಲ.

ಅಟಲ್ ಯೋಜನೆ 2018ರಿಂದಲೂ ಪ್ರಯೋಗವಾಗಿಯೇ ಇದೆ. ಅವಧಿ ಮುಗಿಯುತ್ತದೆ, ಮತ್ತೆ ವಿಸ್ತರಿಸುತ್ತಾರೆ. ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದ ನೆರವನ್ನು ನಂಬಿ ಯಾವ ಕುಟುಂಬವೂ ಲೆಕ್ಕ ಹಾಕುವುದಿಲ್ಲ, ಯಾವ ಕಾರ್ಮಿಕ ಸಂಘವೂ ಅದನ್ನು ಊರೂರಿಗೆ ಹೇಳಿ ಬರುವುದಿಲ್ಲ. ಅದನ್ನು ಕಾಯಂ ಮಾಡಿ, 21 ಸಾವಿರದ ಮಿತಿ ಏರಿಸಿ, ಬಲವಂತದ ರಾಜೀನಾಮೆಯನ್ನೂ ಕೆಲಸ ಹೋದದ್ದೆಂದೇ ಪರಿಗಣಿಸುವ ಒಂದು ಸರಳ ವಿಚಾರಣೆಯನ್ನು ಶಾಖಾ ಕಚೇರಿ ಮಟ್ಟದಲ್ಲಿ ಇಟ್ಟರೆ, ಪಿಎಫ್‌ನ ಕಾಲುಭಾಗಕ್ಕೆ ಒಂದು ವರ್ಷ ಬೀಗ ಹಾಕುವ ನಿಯಮಕ್ಕೆ ಇಷ್ಟು ವಿರೋಧ ಇರುವುದಿಲ್ಲ.